ಸ್ಕಾಟ್ಲೆಂಡ್ ಬೇರೆ ಆದ್ರೆ ಸಬ್‌ಮೆರೀನ್ ಎಲ್ಲಿಗೆ ಹೋಗುತ್ತೆ, ಪೌಂಡ್ ಯಾರದ್ದಾಗುತ್ತೆ?

ಕ್ಲೈಡ್ ದಂಡೆ
ನಮಸ್ಕಾರ ಎಲ್ರಿಗೂ. ತುಂಬಾ ದಿನದಿಂದ ಬರೀಬೇಕು ಅನ್ಕೊಂಡಿದ್ದೆ. 2014ರ ಸೆಪ್ಟೆಂಬರ್ 18ಕ್ಕೆ ಸ್ಕಾಟ್ಲೆಂಡಿನ ಜನಮತಗಣನೆಯಲ್ಲಿ ಓಟ್ ಹಾಕಿದವರಲ್ಲಿ ನಾನೂ ಒಬ್ಬಳು. ಅಲ್ಲೇ ವಾಸ ಇದ್ದ ಕಾಮನ್‌ವೆಲ್ತ್ ದೇಶದವರಿಗೂ ಓಟಿತ್ತು, ಭಾರತದ ಪಾಸ್‌ಪೋರ್ಟ್ ಇರೋ ನನಗೂ ಸಿಕ್ತು. ಚೀಟೀಲಿ ಇದ್ದದ್ದು ಒಂದೇ ಸಾಲು, ಸ್ಕಾಟ್ಲೆಂಡ್ ಸ್ವತಂತ್ರ ದೇಶ ಆಗಬೇಕಾ ಅಂತ. ಶೇ. 84.6 ಜನ ಓಟ್ ಹಾಕಿದ್ರು, ಬೇಡ ಅಂದೋರು 55.3, ಬೇಕು ಅಂದೋರು 44.7.

ಆಗ ನಮ್ಮ ಮನೆ ಹೆಲೆನ್ಸ್‌ಬರೋದಲ್ಲಿ. ಸಂಜೆ ವಾಕಿಂಗ್ ಅಂತ ಪಕ್ಕದ ರೂ ಊರಿನ ತನಕ ಹೋಗ್ತಿದ್ವಿ, ಅಲ್ಲಿ ನೀರು ಕಿರಿದಾಗುತ್ತೆ, ಆಚೆ ಕಡೆ ಗೇರ್ ಲಾಖ್ ಅನ್ನೋ ಕೊಲ್ಲಿ, ಅದರ ಒಳಗೆ ಫಾಸ್ಲೇನ್ ನೌಕಾನೆಲೆ. ಒಂದಿನ ನೋಡಿದ್ದು ಈಗ್ಲೂ ಕಣ್ಣಲ್ಲಿದೆ. ಮೊದಲು ಪೊಲೀಸ್ ದೋಣಿಗಳು ಬಂದ್ವು, ಹಿಂದೆ ಟಗ್ಗುಗಳು, ಮಧ್ಯದಲ್ಲಿ ಕಪ್ಪಗೆ ಉದ್ದಕ್ಕೆ ಒಂದು ಬೆನ್ನು, ಸದ್ದೇ ಇಲ್ಲ, ಮೇಲೆ ನಿಂತಿದ್ದ ನಾಲ್ಕೈದು ಜನ ಬೆಂಕಿಕಡ್ಡಿ ನಿಲ್ಲಿಸಿದ ಹಾಗೆ ಕಾಣ್ತಿದ್ರು. ದಂಡೆ ಮೇಲಿದ್ದ ಯಾರೂ ತಲೆ ಕೆಡಿಸ್ಕೊಳ್ಳಲಿಲ್ಲ, ನಾಯಿ ಆಡಿಸ್ತಾ ಇದ್ದೋರು ಆಡಿಸ್ತಾನೇ ಇದ್ರು, ನನಗೆ ಮಾತ್ರ ಕಾಲು ಕಿತ್ತಿಡಕ್ಕಾಗ್ಲಿಲ್ಲ.

ಇಡೀ ಬ್ರಿಟನ್ನಿನ ಅಣ್ವಸ್ತ್ರ ಇರೋದು ಈ ಒಂದು ಕೊಲ್ಲಿಯಲ್ಲಿ. ನಾನು ಹಾಕೋ ಓಟಿಂದ ಇದು ಎಲ್ಲಿಗೆ ಹೋಗುತ್ತೆ ಅಂತ ಯಾರೂ ನನಗೆ ಹೇಳಿರ್ಲಿಲ್ಲ. ಹಾಗೇ ಸಂಬಳ ಯಾವ ದುಡ್ಡಲ್ಲಿ ಬರುತ್ತೆ ಅಂತಾನೂ ಹೇಳಿರ್ಲಿಲ್ಲ. ಈ ಎರಡು ಪ್ರಶ್ನೆ ಬೇರೆ ಬೇರೆ ಅಲ್ಲ, ಒಂದಕ್ಕೊಂದು ಗಂಟು ಬಿದ್ದಿವೆ ಅಂತ ನನ್ನ ನಂಬಿಕೆ. ನಿಮಗೇನನ್ಸುತ್ತೆ ಹೇಳಿ.

ಪ್ರಶ್ನೆ ಕೇಳೋನು
ಮೇಡಂ ಒಂದು ಸಣ್ಣ ಡೌಟು. ಸಬ್‌ಮೆರೀನ್ ಅಂದ್ರೆ ಓಡಾಡೋ ವಸ್ತು ತಾನೇ, ಇಂಗ್ಲೆಂಡಿನ ಇನ್ನೊಂದು ಬಂದರಿಗೆ ತಗೊಂಡ್ಹೋದ್ರೆ ಮುಗೀತಲ್ವಾ?

ಹಡಗು ಹುಚ್ಚ
ಸಬ್‌ಮೆರೀನ್ ಓಡಾಡುತ್ತೆ ತಮ್ಮಾ, ಸಿಡಿತಲೆ ಇಡೋ ಜಾಗ ಓಡಾಡಲ್ಲ. ಫಾಸ್ಲೇನ್ ಬರೀ ಅರ್ಧ ಕಥೆ. ಗುಡ್ಡ ದಾಟಿ ಆಚೆ ಲಾಖ್ ಲಾಂಗ್ ದಡದಲ್ಲಿ ಕೂಲ್‌ಪೋರ್ಟ್ ಅಂತಿದೆ, ಸಿಡಿತಲೆಗಳನ್ನ ಗುಡ್ಡದೊಳಗಿನ ಬಂಕರುಗಳಲ್ಲಿ ಇಟ್ಟಿರೋದು ಅಲ್ಲಿ, ಕ್ಷಿಪಣಿಗೆ ಕೂರಿಸೋದೂ ಇಳಿಸೋದೂ ಅಲ್ಲೇ. ಇಂಥ ಜಾಗಕ್ಕೆ ಆಳವಾದ ನೀರು ಬೇಕು, ಸುತ್ತ ಜನವಸತಿ ಕಮ್ಮಿ ಇರಬೇಕು, ಸಬ್‌ಮೆರೀನ್ ನೆಲೆಗೆ ಹತ್ತಿರಾನೂ ಇರಬೇಕು, ಜೊತೆಗೆ ಬೇಗ ಸಮುದ್ರದ ಆಳಕ್ಕೆ ಇಳಿದು ಮಾಯ ಆಗೋಕೆ ದಾರಿ ಬೇಕು. 1960ರ ದಶಕದಲ್ಲಿ ಸಬ್‌ಮೆರೀನಿಂದ ಹಾರಿಸೋ ಪೊಲಾರಿಸ್ ಅಣು ಕ್ಷಿಪಣಿಗೆ ಜಾಗ ಹುಡುಕುವಾಗ ಡೆವನ್‌ಪೋರ್ಟ್, ಫಾಲ್ಮತ್, ಮಿಲ್ಫರ್ಡ್ ಹೇವನ್ ಎಲ್ಲಾ ಪಟ್ಟಿಯಲ್ಲಿದ್ವು, ಕೊನೆಗೆ ಆಯ್ಕೆ ಆಗಿದ್ದು ಫಾಸ್ಲೇನೇ. ಡೆವನ್‌ಪೋರ್ಟ್ ಇರೋದು ಪ್ಲಿಮತ್ ಅನ್ನೋ ದೊಡ್ಡ ಊರಲ್ಲಿ, ಅಲ್ಲಿ ಸಿಡಿತಲೆ ಇಡ್ತೀವಿ ಅಂದ್ರೆ ಊರಿನೋರು ಒಪ್ಬೇಕಲ್ಲ. ಮಿಲ್ಫರ್ಡ್ ಹೇವನ್ ಈಗ ಗ್ಯಾಸು, ಎಣ್ಣೆ ಟರ್ಮಿನಲ್‌ಗಳ ಬಂದರು.

ಇನ್ನೊಂದು ವಿಷಯ, 1969ರಿಂದ ಇವತ್ತಿನ ತನಕ ಒಂದಲ್ಲ ಒಂದು ಬ್ರಿಟಿಷ್ ಸಬ್‌ಮೆರೀನ್ ಅಣ್ವಸ್ತ್ರ ಹೊತ್ಕೊಂಡು ಸಮುದ್ರದೊಳಗೆ ಇದ್ದೇ ಇದೆ, ಒಂದು ದಿನಾನೂ ಬಿಟ್ಟಿಲ್ಲ ಅಂತ ನೌಕಾಪಡೆ ಹೇಳ್ಕೊಳ್ಳೋದು. ಅದಕ್ಕೆ ಇರೋದು ವ್ಯಾನ್‌ಗಾರ್ಡ್ ಅನ್ನೋ ದರ್ಜೆಯ ನಾಲ್ಕೇ ಸಬ್‌ಮೆರೀನ್, ಒಂದು ಗಸ್ತಲ್ಲಿ, ಒಂದು ದೊಡ್ಡ ರಿಪೇರಿಯಲ್ಲಿ, ಉಳಿದೆರಡು ತಯಾರಿ ತರಬೇತಿ ಅಂತ. ಹೊಸ ನೆಲೆ ಕಟ್ಟೋಕೆ ಮುಂಚೆ ಹಳೇ ನೆಲೆ ಮುಚ್ಚಿದ್ರೆ ಆ ಸರಪಳಿ ತುಂಡಾಗುತ್ತೆ.

ಈಗ 2013ರ ನವೆಂಬರಲ್ಲಿ ಸ್ಕಾಟಿಷ್ ಸರ್ಕಾರ ತಂದ 670 ಪುಟದ ಶ್ವೇತಪತ್ರ ನೋಡಿ. ಸ್ವತಂತ್ರ ಆದ ಮೇಲಿನ ಮೊದಲ ಸಂಸತ್ತಿನ ಅವಧಿಯೊಳಗೆ, ಅಂದ್ರೆ 2020ರೊಳಗೆ, ಅಣ್ವಸ್ತ್ರ ಹೊರಗೆ ಹೋಗಬೇಕು ಅಂತ ಅದರಲ್ಲಿತ್ತು. ಸ್ವಾತಂತ್ರ್ಯದ ದಿನ 2016ರ ಮಾರ್ಚ್ ಅಂತ ಗುರುತು ಮಾಡಿದ್ರು, ಲೆಕ್ಕ ಹಾಕಿದ್ರೆ ನಾಲ್ಕೇ ವರ್ಷ. ಬೇರೆ ಕಡೆ ಇನ್ನೊಂದು ಕೂಲ್‌ಪೋರ್ಟ್ ಕಟ್ಟೋಕೆ ಅಷ್ಟರಲ್ಲಿ ಸಾಧ್ಯಾನೇ ಇರ್ಲಿಲ್ಲ.

ಉತ್ತರ ಸಮುದ್ರ
ಸಾಧ್ಯ ಇಲ್ಲ ಅಂದ ಮಾತ್ರಕ್ಕೆ ಸ್ಕಾಟ್ಲೆಂಡಿನವರು ಬೇಡದ ಬಾಂಬನ್ನ ಮನೆ ಬಾಗಿಲಲ್ಲಿ ಇಟ್ಕೋಬೇಕಾ ಸರ್? ಗ್ಲಾಸ್ಗೋ ಎಷ್ಟು ದೂರ ಅಲ್ಲಿಂದ, ಹೆಚ್ಚು ಅಂದ್ರೆ 40 ಕಿಲೋಮೀಟರು. ಫಾಸ್ಲೇನ್ ಗೇಟಿನ ಹತ್ರ ಬಣ್ಣ ಬಳಿದ ಕ್ಯಾರವಾನ್‌ಗಳ ಶಾಂತಿ ಶಿಬಿರ 1982ರಲ್ಲಿ ಶುರುವಾಗಿದ್ದು. 2016ರ ಜುಲೈಯಲ್ಲಿ ಹೊಸ ಸಬ್‌ಮೆರೀನ್ ಬೇಕು ಅಂತ ಲಂಡನ್ ಸಂಸತ್ತಿನಲ್ಲಿ 472ಕ್ಕೆ 117 ಓಟಿನಲ್ಲಿ ಪಾಸಾಯ್ತು, ಆದ್ರೆ ಸ್ಕಾಟ್ಲೆಂಡಿನ 59 ಸಂಸದರಲ್ಲಿ 58 ಜನ ವಿರೋಧ ಹಾಕಿದ್ರು. ಅವರ ನೆಲ, ಅವರ ಸಂಸದರು ಬೇಡ ಅಂದ್ರೂ ನಡೀತು. ನಾನು ಆಬರ್ಡೀನಲ್ಲಿ ಏಳು ವರ್ಷ ಇದ್ದೆ, ಈ ಸಿಟ್ಟು ಎಂಥದ್ದು ಅಂತ ಹತ್ತಿರದಿಂದ ನೋಡಿದೀನಿ.

ದುಡ್ಡಿನ ಮಾತಿಗೆ ಬಂದ್ರೆ ಎಣ್ಣೆ ಕಥೆ ಹೇಳಲೇಬೇಕು. 1974ರಲ್ಲಿ ಗ್ಯಾವಿನ್ ಮೆಕ್ರೋನ್ ಅನ್ನೋ ಸರ್ಕಾರಿ ಅರ್ಥಶಾಸ್ತ್ರಜ್ಞ, ಉತ್ತರ ಸಮುದ್ರದ ಎಣ್ಣೆ ಇದ್ರೆ ಸ್ವತಂತ್ರ ಸ್ಕಾಟ್ಲೆಂಡ್ ಭಾರೀ ಮಿಗತೆಯಲ್ಲಿ ಇರುತ್ತೆ, ಅದರ ಕರೆನ್ಸಿ ಯುರೋಪಿನಲ್ಲೇ ಗಟ್ಟಿಯಾದವುಗಳ ಸಾಲಿಗೆ ಸೇರುತ್ತೆ ಅಂತ ಬರೆದ್ರು. ಆ ವರದಿ ಕಪಾಟಿನಲ್ಲಿ ಕೂತಿದ್ದು 2005ರ ತನಕ, ಮಾಹಿತಿ ಹಕ್ಕಿನ ಕಾನೂನು ಬಂದ ಮೇಲೇ ಜನಕ್ಕೆ ಕಂಡಿದ್ದು. ಅದೇ ಸಮುದ್ರದ ಆಚೆ ದಡದಲ್ಲಿ ನಾರ್ವೆ 1990ರಲ್ಲಿ ಎಣ್ಣೆ ನಿಧಿಗೆ ಕಾನೂನು ಮಾಡ್ತು, 1996ರಲ್ಲಿ ಮೊದಲ ಕಂತು ಹಾಕ್ತು, ಇವತ್ತು ಜಗತ್ತಿನ ಅತಿ ದೊಡ್ಡ ಸರ್ಕಾರಿ ನಿಧಿ ಅದು. ಬ್ರಿಟನ್ ಬಂದದ್ದನ್ನ ಬಂದ ಹಾಗೆ ಖರ್ಚು ಮಾಡ್ತು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಅನ್ನೋದು ಇದಕ್ಕೇ.

ಲೆಕ್ಕದ ಪುಸ್ತಕ
ನೀವು ಹೇಳಿದ ಅನ್ಯಾಯ ನಿಜ ಸರ್, ಅದರಲ್ಲಿ ಎರಡು ಮಾತಿಲ್ಲ. ಆದ್ರೆ 1974ರ ಎಣ್ಣೆಯಿಂದ 2016ರ ಬಜೆಟ್ ಮಾಡಕ್ಕಾಗಲ್ಲ. ಶ್ವೇತಪತ್ರದಲ್ಲಿ ಬ್ಯಾರಲ್‌ಗೆ 110 ಡಾಲರ್ ಆಸುಪಾಸು ಇರುತ್ತೆ ಅಂತ ಇಟ್ಕೊಂಡು, 2016-17ಕ್ಕೆ ಎಣ್ಣೆಯಿಂದ 680ರಿಂದ 790 ಕೋಟಿ ಪೌಂಡ್ ಬರುತ್ತೆ ಅಂದಿದ್ರು. ಜನಮತ ಮುಗಿದ ಕೆಲವೇ ತಿಂಗಳಲ್ಲಿ ಬೆಲೆ ಅರ್ಧಕ್ಕೆ ಇಳೀತು, 2016ರ ಜನವರಿಯಲ್ಲಿ 30 ಡಾಲರಿಗಿಂತ ಕೆಳಗೆ ಹೋಯ್ತು. 2015-16ರಲ್ಲಿ ಸ್ಕಾಟ್ಲೆಂಡಿನ ಪಾಲಿಗೆ ಲೆಕ್ಕ ಹಾಕಿದ ಎಣ್ಣೆ ಆದಾಯ 6 ಕೋಟಿ ಪೌಂಡ್. 600 ಅಲ್ಲ, ಆರು. ಇದು ಸ್ಕಾಟಿಷ್ ಸರ್ಕಾರದ್ದೇ ಅಂಕಿ. ಹೌದು ಅಂತ ಗೆದ್ದಿದ್ರೆ ಹೊಸ ದೇಶದ ಮೊದಲ ಬಜೆಟ್ ಮಂಡನೆ ಆಗ್ತಿದ್ದದ್ದು 2016ರಲ್ಲೇ.

ಪೌಂಡಿನ ವಿಚಾರ ಇದಕ್ಕಿಂತ ಕಷ್ಟದ್ದು. 2014ರ ಫೆಬ್ರವರಿ 13ಕ್ಕೆ ಬ್ರಿಟನ್ನಿನ ಆಗಿನ ಹಣಕಾಸು ಮಂತ್ರಿ ಜಾರ್ಜ್ ಆಸ್ಬೋರ್ನ್ ಎಡಿನ್‌ಬರಾಗೇ ಬಂದು, ಯೂನಿಯನ್, ಅಂದ್ರೆ ಬ್ರಿಟನ್ ಒಕ್ಕೂಟ, ಬಿಟ್ಟು ಹೋದ್ರೆ ಪೌಂಡನ್ನೂ ಬಿಟ್ಟು ಹೋಗ್ತೀರಿ ಅಂದ. ಲೇಬರ್‌ನ ಎಡ್ ಬಾಲ್ಸ್, ಲಿಬರಲ್ ಡೆಮಾಕ್ರಾಟ್‌ನ ಡ್ಯಾನಿ ಅಲೆಕ್ಸಾಂಡರ್ ಇಬ್ರೂ ಅದನ್ನೇ ಅಂದ್ರು. ಸ್ಕಾಟ್ಲೆಂಡ್ ಸರ್ಕಾರದ ಆಗಿನ ಮುಖ್ಯಸ್ಥ ಅಲೆಕ್ಸ್ ಸಾಲ್ಮಂಡ್ ಮಾತ್ರ ಇದು ಬೆದರಿಕೆ ಅಷ್ಟೆ, ಗೆದ್ದ ಮಾರನೇ ದಿನ ಒಪ್ಕೋತಾರೆ ಅಂತಾನೇ ಇದ್ರು. ಆಗಸ್ಟ್ 5ರ ಟಿವಿ ಚರ್ಚೆಯಲ್ಲಿ ಸ್ವಾತಂತ್ರ್ಯ ಬೇಡ ಅನ್ನೋರ ನಾಯಕ ಆಲಿಸ್ಟರ್ ಡಾರ್ಲಿಂಗ್, ಒಪ್ಲಿಲ್ಲ ಅಂದ್ರೆ ಪ್ಲಾನ್ ಬಿ ಏನು ಅಂತ ಪಟ್ಟು ಹಿಡಿದು ಕೇಳಿದ್ರೂ ಉತ್ತರ ಬರ್ಲಿಲ್ಲ. ನಾನು ಆ ರಾತ್ರಿ ನೋಡ್ತಾ ಕೂತಿದ್ದೆ, ಮನಸ್ಸಿನೊಳಗೆ ಹೌದು ಕಡೆಗೇ ಇದ್ದೆ, ಆ ಮೌನ ಕೇಳಿದ ಮೇಲೆ ನಿದ್ದೆ ಬರ್ಲಿಲ್ಲ.

ಪ್ರಶ್ನೆ ಕೇಳೋನು
ಒಪ್ಪಿಗೆ ಇಲ್ದೆ ಸುಮ್ನೆ ಪೌಂಡ್ ಬಳಸಿದ್ರೆ? ಪನಾಮಾ ಡಾಲರ್ ಬಳಸಲ್ವಾ, ಮಾಂಟೆನೆಗ್ರೋ ಯೂರೋ ಬಳಸಲ್ವಾ?

ಲೆಕ್ಕದ ಪುಸ್ತಕ
ಬಳಸಬಹುದು, ಯಾರೂ ತಡೆಯಕ್ಕಾಗಲ್ಲ. ಬ್ಯಾಂಕ್ ಮುಳುಗಿದ ದಿನ ಕೈ ಹಿಡಿಯೋರು ಯಾರು ಅನ್ನೋದೇ ಪ್ರಶ್ನೆ. 2008-09ರಲ್ಲಿ ಎಡಿನ್‌ಬರಾದ ರಾಯಲ್ ಬ್ಯಾಂಕ್ ಆಫ್ ಸ್ಕಾಟ್ಲೆಂಡ್ ಉಳಿಸೋಕೆ ಬ್ರಿಟನ್ ಸರ್ಕಾರ ಹಾಕಿದ ಬಂಡವಾಳ 4,550 ಕೋಟಿ ಪೌಂಡ್. 53 ಲಕ್ಷ ಜನರ ಒಂದು ದೇಶ, ನೋಟು ಅಚ್ಚು ಹಾಕೋ ಅಧಿಕಾರ ಇಲ್ಲ, ಬಡ್ಡಿ ದರ ಬೇರೆಯವರು ನಿರ್ಧಾರ ಮಾಡ್ತಾರೆ, ಅದು ಎಲ್ಲಿಂದ ತರುತ್ತೆ ಅಷ್ಟು ದುಡ್ಡು?

ಈಗ ಸ್ಕಾಟಿಷ್ ಬ್ಯಾಂಕುಗಳು ತಮ್ಮದೇ ನೋಟು ಹೊರಡಿಸ್ತಾವಲ್ಲ, ಅದೂ ಹಾಗೇ. ಮೂರು ಬ್ಯಾಂಕುಗಳಿಗೆ ಆ ಹಕ್ಕಿದೆ, ಆದ್ರೆ ಹೊರಡಿಸಿದ ಪ್ರತಿ ಪೌಂಡಿಗೂ ಸಮ ಆಗೋ ಹಾಗೆ ಆಸ್ತಿ ಇಡಬೇಕು, ಅದರಲ್ಲಿ ಬಹುಪಾಲು ಬ್ಯಾಂಕ್ ಆಫ್ ಇಂಗ್ಲೆಂಡಿನಲ್ಲೇ ಇರುತ್ತೆ. ಅದಕ್ಕಂತಲೇ ಹತ್ತು ಲಕ್ಷ ಪೌಂಡಿನ ಜೈಂಟ್ ನೋಟು, ಹತ್ತು ಕೋಟಿ ಪೌಂಡಿನ ಟೈಟನ್ ನೋಟು ಅಂತ ಇವೆ, ಜನರ ಕೈಗೆ ಯಾವತ್ತೂ ಬರಲ್ಲ ಅವು. ಲಂಡನ್ನಿನ ಒಂದು ಅಂಗಡಿಯಲ್ಲಿ ನಾನು ಕೊಟ್ಟ ಸ್ಕಾಟಿಷ್ ಹತ್ತು ಪೌಂಡ್ ನೋಟನ್ನ ಆ ಹುಡುಗಿ ಬೆಳಕಿಗೆ ಹಿಡಿದು, ತಿರುಗಿಸಿ ಮುರುಗಿಸಿ ನೋಡಿ, ಬೇರೆ ನೋಟು ಇದೆಯಾ ಅಂತ ಕೇಳಿದ್ಲು. ಒಂದೇ ದೇಶ ಆಗಿದ್ದಾಗಲೇ ಹಾಗೆ. ನೋಟಿನ ಹಿಂದೆ ಯಾರಿದ್ದಾರೆ ಅನ್ನೋ ನಂಬಿಕೆಯೇ ದುಡ್ಡು.

ಪ್ರಾಗ್ ಕನ್ನಡಿಗ
ನಂಬಿಕೆ ಅಂದ್ರಲ್ಲ, ಇಲ್ಲಿ ನಡೆದದ್ದು ಹೇಳ್ತೀನಿ. ಚೆಕೊಸ್ಲೊವಾಕಿಯಾ 1993ರ ಜನವರಿ 1ಕ್ಕೆ ಎರಡಾಯ್ತು, ಜಗಳ ಇಲ್ಲದೆ ಪಾಲಾದ ದೇಶ ಅಂತ ಎಲ್ಲರೂ ಹೊಗಳ್ತಾರೆ. ಆಸ್ತಿ ಜನಸಂಖ್ಯೆ ಪ್ರಕಾರ ಎರಡಕ್ಕೊಂದು ಅಂತ ಹಂಚ್ಕೊಂಡ್ರು. ಸದ್ಯಕ್ಕೆ ಒಂದೇ ಕರೆನ್ಸಿ ಇರಲಿ ಅಂತ ಒಪ್ಪಂದಾನೂ ಮಾಡ್ಕೊಂಡ್ರು. ಅದು ಉಳಿದದ್ದು 39 ದಿನಾನೋ ಏನೋ, ಫೆಬ್ರವರಿ 8ಕ್ಕೆ ಮುಗಿದೇ ಹೋಯ್ತು. ಸ್ಲೊವಾಕ್ ಕರೆನ್ಸಿ ಬೆಲೆ ಬೀಳುತ್ತೆ ಅಂತ ಜನಕ್ಕೆ ಮೊದಲೇ ಅನ್ಸಿತ್ತು, ಹಾಗಾಗಿ ಅಲ್ಲಿನ ದುಡ್ಡೆಲ್ಲಾ ಚೆಕ್ ಬ್ಯಾಂಕುಗಳಿಗೆ ಹರಿದು ಬರ್ತಾ ಇತ್ತು. ಹೊಸ ನೋಟು ಅಚ್ಚಾಗೋಕೆ ಟೈಮಿಲ್ಲ, ಹಳೇ ನೋಟಿನ ಮೇಲೇ ಸಣ್ಣ ಸ್ಟಾಂಪು ಅಂಟಿಸಿ ಹೊಸ ಕರೆನ್ಸಿ ಅಂದ್ರು. ಅಂಥದ್ದೊಂದು ನೋಟು ನನ್ನ ಮನೆ ಓನರ್ ಅಜ್ಜನ ಹತ್ರ ಇದೆ, ಮೂಲೆಯಲ್ಲಿ ಅಂಚೆಚೀಟಿ ಥರ ಅಂಟಿದೆ, ಒಂದು ಅಂಚು ಎದ್ದಿದೆ. ಜಗಳ ಇಲ್ಲದ ಕಡೆಯೇ ಹಿಂಗಾದ್ರೆ ಜಗಳ ಇರೋ ಕಡೆ ಕರೆನ್ಸಿ ಯೂನಿಯನ್ ನಿಲ್ಲುತ್ತೆ ಅಂತ ನನಗಂತೂ ಅನ್ಸಲ್ಲ.

ಉತ್ತರ ಸಮುದ್ರ
ಸರ್ ಆದ್ರೆ ಆ ಎರಡು ದೇಶಾನೂ ಚೆನ್ನಾಗೇ ಇದಾವಲ್ಲ ಇವತ್ತು? ಮೂವತ್ತು ವರ್ಷ ಆಯ್ತು, ಸ್ಲೊವಾಕಿಯಾ ಯೂರೋ ಬಳಸ್ತಿದೆ. ಮೊದಲ ವರ್ಷ ಕಷ್ಟ ಅಂತ ಹೆದರಿಸಿದ್ರೆ ಯಾವ ದೇಶಾನೂ ಹುಟ್ತಿರ್ಲಿಲ್ಲ.

ಪ್ರಾಗ್ ಕನ್ನಡಿಗ
ಅದೂ ಸರಿನೇ. ಅಜ್ಜನೂ ಇದನ್ನೇ ಹೇಳೋದು.

ಹಡಗು ಹುಚ್ಚ
ನ್ಯಾಟೋ ವಿಷಯ ಯಾರೂ ಎತ್ತಲಿಲ್ಲ. ಸ್ವಾತಂತ್ರ್ಯ ಬೇಕು ಅನ್ನೋ ಸಾಲ್ಮಂಡ್ ಅವರ ಸ್ಕಾಟಿಷ್ ನ್ಯಾಷನಲ್ ಪಾರ್ಟಿ ಮೊದಲು ನ್ಯಾಟೋ ಬೇಡ ಅಂತಿತ್ತು, 2012ರ ಅಕ್ಟೋಬರಲ್ಲಿ ಪರ್ತ್ ಸಮ್ಮೇಳನದಲ್ಲಿ ಓಟಿಗೆ ಹಾಕಿ ಅದನ್ನ ಬದಲಾಯ್ಸಿದ್ರು, ಇಬ್ಬರು ಶಾಸಕರು ಪಕ್ಷಾನೇ ಬಿಟ್ರು. ಹೊಸ ನಿಲುವೇನಂದ್ರೆ ನ್ಯಾಟೋದಲ್ಲಿ ಇರ್ತೀವಿ, ಅಣ್ವಸ್ತ್ರ ಇಟ್ಕೊಳ್ಳಲ್ಲ. ನಾರ್ವೆ, ಡೆನ್ಮಾರ್ಕ್ ಹಾಗೇ ಇದಾವೆ, ಅದು ತಪ್ಪಲ್ಲ. ಆದ್ರೆ ಅವರ್ಯಾರೂ ಇನ್ನೊಬ್ಬ ಸದಸ್ಯನ ಅಣ್ವಸ್ತ್ರವನ್ನ ಹೊರಗೆ ಹಾಕಿ ಒಳಗೆ ಬಂದವರಲ್ಲ. ಸೇರೋಕೆ ಎಲ್ಲಾ ಸದಸ್ಯರ ಒಪ್ಪಿಗೆ ಬೇಕು, ಅದರಲ್ಲಿ ಲಂಡನ್ನೂ ಇರುತ್ತೆ, ವಾಷಿಂಗ್ಟನ್ನೂ ಇರುತ್ತೆ. ಸ್ವೀಡನ್ 2022ರ ಮೇ ತಿಂಗಳಲ್ಲಿ ಅರ್ಜಿ ಹಾಕಿ, ಟರ್ಕಿ ಹಂಗೇರಿ ಎರಡೇ ದೇಶ ತಡೆದಿದ್ದಕ್ಕೆ 2024ರ ಮಾರ್ಚ್ ತನಕ ಕಾಯ್ಬೇಕಾಯ್ತು.

ಅದರ ಜೊತೆ ಕಾವಲಿನ ಖರ್ಚು. ಶ್ವೇತಪತ್ರದಲ್ಲಿ ರಕ್ಷಣೆಗೆ ವರ್ಷಕ್ಕೆ 250 ಕೋಟಿ ಪೌಂಡ್, ಶುರುವಿಗೆ 7,500 ಸೈನಿಕರು, ಹತ್ತು ವರ್ಷಕ್ಕೆ 15,000 ಅಂತ ಇತ್ತು. ಜನಕ್ಕೆ ತಕ್ಕ ಹಾಗೆ ನೋಡಿದ್ರೆ ಕಮ್ಮಿ ಏನಲ್ಲ, ಆದ್ರೆ ಸಮುದ್ರ ನೋಡಿ ಎಷ್ಟಿದೆ! ಗ್ರೀನ್‌ಲೆಂಡ್, ಐಸ್‌ಲೆಂಡ್, ಸ್ಕಾಟ್ಲೆಂಡ್ ನಡುವಿನ ಆ ದಾರಿಯಲ್ಲೇ ರಷ್ಯಾದ ಸಬ್‌ಮೆರೀನುಗಳು ಅಟ್ಲಾಂಟಿಕ್‌ಗೆ ಇಳಿಯೋದು. ಇದನ್ನ ಲಂಡನ್ ಚೆನ್ನಾಗಿ ಕಾಯ್ತಿತ್ತು ಅಂತ ನಾನು ಹೇಳಲ್ಲ. 2010ರಲ್ಲಿ ನಿಮ್ರಾಡ್ ಗಸ್ತು ವಿಮಾನ ರದ್ದು ಮಾಡಿ ಕಿನ್‌ಲಾಸ್ ವಾಯುನೆಲೆ ಮುಚ್ಚೋ ತೀರ್ಮಾನ ಮಾಡಿಬಿಟ್ರು. ಮಾರನೇ ವರ್ಷ ಡಿಸೆಂಬರಲ್ಲಿ ರಷ್ಯಾದ ವಿಮಾನವಾಹಕ ನೌಕೆ ಮೊರೇ ಫರ್ತ್ ಹತ್ರ ಬಂದು ನಿಂತಾಗ, ನೋಡ್ಕೊಳ್ಳೋಕೆ ದೇಶದ ಇನ್ನೊಂದು ತುದಿ ಪೋರ್ಟ್ಸ್‌ಮತ್‌ನಿಂದ ಹಡಗು ಬರಬೇಕಾಯ್ತು. ಸ್ಕಾಟ್ಲೆಂಡಿನ ಲಾಸೀಮೌತ್ ವಾಯುನೆಲೆಗೆ ಒಂಬತ್ತು ಪೊಸೈಡನ್ ಗಸ್ತು ವಿಮಾನ ಬರೋಕೆ ಶುರುವಾಗಿದ್ದು 2020ರಲ್ಲಿ. ಸ್ಕಾಟ್ಲೆಂಡಿನವರು ನಮ್ಮ ಕಡೆ ಯಾರೂ ನೋಡಲ್ಲ ಅಂದ್ರೆ ಸುಳ್ಳಲ್ಲ.

ಇತಿಹಾಸ ಮೇಡಂ
ತಡವಾಗಿ ಬಂದೆ, ಕ್ಷಮಿಸಿ. ಇಷ್ಟೆಲ್ಲಾ ಮಾತಾಡಿದ್ರಿ, ಪಕ್ಕದ ಮನೆ ಮರೆತ್ರಿ. ಐರ್ಲೆಂಡ್ ಇದೇ ಯೂನಿಯನ್ನಿಂದ ಹೊರಗೆ ಬಂದ ದೇಶ. 1921ರ ಒಪ್ಪಂದದಲ್ಲಿ ಬೆರ್‌ಹೇವನ್, ಕೋವ್, ಲಾಖ್ ಸ್ವಿಲಿ ಮೂರು ಬಂದರನ್ನ ಬ್ರಿಟಿಷ್ ನೌಕಾಪಡೆ ಬಿಡಲಿಲ್ಲ, ಅದು ಐರಿಷರ ಕೈಗೆ ಬಂದದ್ದು 1938ರಲ್ಲಿ. ಅದೂ ಹೇಗೆ ಗೊತ್ತಾ, ಆರು ವರ್ಷ ಸುಂಕದ ಸಮರ ನಡೆದ ಮೇಲೆ, ಜಮೀನಿನ ಹಳೇ ಸಾಲದ ಕಂತಿನ ಜಗಳಕ್ಕೆ ಒಂದು ಕೋಟಿ ಪೌಂಡ್ ಒಂದೇ ಸಲಕ್ಕೆ ಕೊಟ್ಟು ಮುಗಿಸಿದ ಅದೇ ಸಂಧಾನದಲ್ಲಿ. ದುಡ್ಡು, ಬಂದರು ಎರಡೂ ಒಂದೇ ಮೇಜಿನ ಮೇಲೆ! ದಂಡೆ ಅಕ್ಕ ಗಂಟು ಅಂದಿದ್ದು ಇದಕ್ಕೇ ಇರಬೇಕು.

ಕರೆನ್ಸಿನೂ ಅಷ್ಟೇ. ಐರಿಷ್ ಪೌಂಡ್ 1928ರಲ್ಲಿ ಬಂತು, ಆದ್ರೆ ಸ್ಟರ್ಲಿಂಗ್‌ಗೆ ಒಂದಕ್ಕೊಂದು ಅಂತ ಕಟ್ಟಿಹಾಕಿ 1979ರ ತನಕ ಹಾಗೇ ಇಟ್ರು. ಧ್ವಜ ಬದಲಾಗಿ ಐವತ್ತು ವರ್ಷ ಆದ್ರೂ ಬಡ್ಡಿ ದರ ಲಂಡನ್ನಿನದೇ.

ಇನ್ನು ಸ್ಕಾಟ್ಲೆಂಡ್ ಯೂನಿಯನ್ ಒಳಗೆ ಬಂದದ್ದಾದ್ರೂ ಹೇಗೆ? ಪನಾಮಾದ ಡೇರಿಯನ್‌ನಲ್ಲಿ ವಸಾಹತು ಮಾಡೋಕೆ ಹೋಗಿ ದೇಶದ ಉಳಿತಾಯದಲ್ಲಿ ದೊಡ್ಡ ಪಾಲು ಕಳ್ಕೊಂಡ್ರು, 1707ರ ಒಪ್ಪಂದದಲ್ಲಿ 398,085 ಪೌಂಡ್ 10 ಶಿಲ್ಲಿಂಗ್ ಪರಿಹಾರ ಅಂತ ಬರೆದಿದೆ, ಶಿಲ್ಲಿಂಗ್ ಸಮೇತ. ಒಳಗೆ ಬರುವಾಗ ಅಷ್ಟು ಕರಾರುವಾಕ್ಕಾಗಿ ಲೆಕ್ಕ ಹಾಕಿದವರು ಹೊರಗೆ ಹೋಗುವಾಗ ಆಮೇಲೆ ನೋಡೋಣ ಅಂದ್ರಲ್ಲ, ಅದು ನನಗೆ ಬೇಜಾರು.

ಕ್ಲೈಡ್ ದಂಡೆ
ಮೇಡಂ, ನಾನು ಹೇಳಬೇಕಂತಿದ್ದದ್ದನ್ನ ನೀವೇ ಹೇಳಿದ್ರಿ. ಆಮೇಲೆ ನೋಡೋಣ, ಇದೇ ಮಾತು.

2014ರಲ್ಲಿ ಲಂಡನ್ ಸರ್ಕಾರದ ನಿಲುವು ಏನಿತ್ತು ಅಂದ್ರೆ ಓಟಿಗೆ ಮುಂಚೆ ನಾವು ಯಾವ ಮಾತುಕತೆಗೂ ಕೂರಲ್ಲ ಅಂತ. ಎಡಿನ್‌ಬರಾ ಸರ್ಕಾರದ ನಿಲುವು ಗೆದ್ದ ಮೇಲೆ ಎಲ್ಲಾ ಸಿಗುತ್ತೆ ಅಂತ. ಎತ್ತು ಏರಿಗೆ ಎಳೆದ್ರೆ ಕೋಣ ನೀರಿಗೆ ಎಳೀತು, ಮಧ್ಯದಲ್ಲಿ ಓಟ್ ಹಾಕೋಳು ನಾನು. ಪೌಂಡ್ ಹಂಚ್ಕೊಳ್ಳಲ್ಲ ಅಂದ್ರೆ ಸಾಲದ ಪಾಲೂ ತಗೊಳ್ಳಲ್ಲ ಅಂತ ಸಾಲ್ಮಂಡ್ ಹೇಳ್ತಿದ್ರು, ಮಾರುಕಟ್ಟೆ ಹೆದರಬಾರದು ಅಂತ ಬ್ರಿಟಿಷ್ ಖಜಾನೆ ಆ ಜನವರಿಯಲ್ಲೇ ಹಳೇ ಸಾಲಕ್ಕೆಲ್ಲಾ ನಾವೇ ಹೊಣೆ ಅಂತ ಹೇಳ್ಬಿಟ್ಟಿತ್ತು. ಹಾಗಾದ್ರೆ ಲಂಡನ್ನಿಗೆ ಸ್ಕಾಟ್ಲೆಂಡಿಂದ ನಿಜವಾಗ್ಲೂ ಬೇಕಾಗಿದ್ದದ್ದು ಏನು ಉಳೀತು? ಫಾಸ್ಲೇನ್. ಸ್ಕಾಟ್ಲೆಂಡಿಗೆ ಲಂಡನ್ನಿಂದ ಬೇಕಾಗಿದ್ದದ್ದು? ಪೌಂಡಿನ ಬೆಂಬಲ. ಹತ್ತು ವರ್ಷ ನೆಲೆ ಇರಲಿ, ಹತ್ತು ವರ್ಷ ಪೌಂಡ್ ಇರಲಿ ಅಂತ ಯಾವುದೋ ಕೋಣೆಯಲ್ಲಿ ಕೊಡುಕೊಳ್ಳು ಆಗೇ ಆಗ್ತಿತ್ತು ಅಂತ ನಾನು ಅನ್ಕೊಂಡಿದೀನಿ. ಆದ್ರೆ ಅಣ್ವಸ್ತ್ರ ಹೋಗುತ್ತೆ ಅಂತಾನೇ ಹೌದು ಅಂದ ನನ್ನ ಗೆಳತಿಗೂ, ಪೌಂಡ್ ಹೋಗುತ್ತೆ ಅಂತ ಹೆದರಿ ಇಲ್ಲ ಅಂದ ನನಗೂ, ಅದನ್ನ ಮೊದಲೇ ಹೇಳಬೇಕಿತ್ತು ಅಲ್ವಾ?

ಹೌದು, ನಾನು ಇಲ್ಲ ಅಂತ ಹಾಕಿದ್ದೆ. ಸಂಬಳ ಪೌಂಡಲ್ಲಿ, ಮನೆ ಸಾಲ ಪೌಂಡಲ್ಲಿ, ನನಗೆ ಧೈರ್ಯ ಸಾಲಲಿಲ್ಲ. ಯೂನಿಯನ್ನಲ್ಲಿ ಉಳಿದ್ರೆ ಮಾತ್ರ ಯುರೋಪಿಯನ್ ಯೂನಿಯನ್ನಲ್ಲೂ ಉಳೀತೀರಿ ಅಂತ ಬೇರೆ ಹೇಳಿದ್ರು. 2016ರಲ್ಲಿ ಸ್ಕಾಟ್ಲೆಂಡಿನ ಶೇ. 62 ಜನ ಯುರೋಪಲ್ಲೇ ಇರೋಣ ಅಂದ್ರು, ಆದ್ರೂ ಹೊರಗೆ ಬರಬೇಕಾಯ್ತು. ಅಲ್ಲೂ ಮೊದಲು ಓಟು, ಷರತ್ತು ಆಮೇಲೆ. ಎರಡು ವರ್ಷದಲ್ಲಿ ಎರಡು ಸಲ ಒಂದೇ ಥರ ಮೋಸ ಹೋದೆ ಅನ್ಸಿ ಅವತ್ತು ಬೆಳಿಗ್ಗೆ ಅತ್ತಿದ್ದೆ.

ಲೆಕ್ಕದ ಪುಸ್ತಕ
ಅಕ್ಕಾ, ಬ್ರೆಕ್ಸಿಟ್ ಆದ ಮೇಲೆ ಲೆಕ್ಕ ಇನ್ನೂ ಬಿಗಿ ಆಗಿದೆ. ಸ್ಕಾಟ್ಲೆಂಡ್ ಹೊರಗೆ ಮಾರೋದರಲ್ಲಿ ಸುಮಾರು ಶೇ. 60 ಹೋಗೋದು ಬ್ರಿಟನ್ನಿನ ಉಳಿದ ಭಾಗಕ್ಕೆ. 2014ರಲ್ಲಿ ಎರಡೂ ಕಡೆ ಯುರೋಪಿಯನ್ ಯೂನಿಯನ್ ಒಳಗೇ ಇರ್ತವೆ, ಗಡಿಯಲ್ಲಿ ಏನೂ ಚೆಕ್ಕಿಂಗ್ ಇರಲ್ಲ ಅನ್ಬಹುದಿತ್ತು. ಈಗ ಸ್ಕಾಟ್ಲೆಂಡ್ ಯುರೋಪಿಗೆ ವಾಪಸ್ ಸೇರಿದ್ರೆ ಗ್ರೆಟ್ನಾ ಹತ್ರ, ಬೆರಿಕ್ ಹತ್ರ ಕಸ್ಟಮ್ಸ್ ಗಡಿ ಬರುತ್ತೆ. ಯುರೋಪಿಗೆ ಹತ್ತಿರ ಆಗೋಕೆ ಹೋದಷ್ಟೂ ಇಂಗ್ಲೆಂಡಿಗೆ ದೂರ.

ಪ್ರಶ್ನೆ ಕೇಳೋನು
ಮತ್ತೆ ಓಟ್ ಆಗೋ ಚಾನ್ಸ್ ಇದೆಯಾ?

ಇತಿಹಾಸ ಮೇಡಂ
ಸ್ಕಾಟಿಷ್ ಸಂಸತ್ತು ತಾನಾಗೇ ಮಾಡಕ್ಕಾಗಲ್ಲ. 2022ರ ನವೆಂಬರ್ 23ಕ್ಕೆ ಸುಪ್ರೀಂ ಕೋರ್ಟಿನ ಐದೂ ನ್ಯಾಯಾಧೀಶರು ಒಂದೇ ತೀರ್ಪು ಕೊಟ್ರು, ಲಂಡನ್ನಿನ ಒಪ್ಪಿಗೆ ಬೇಕೇ ಬೇಕು.

ಹಡಗು ಹುಚ್ಚ
ಕೆಲಸದ ಬಗ್ಗೆ ಒಂದು ಮಾತು ಸೇರಿಸ್ತೀನಿ. ಬ್ರಿಟಿಷ್ ಯುದ್ಧನೌಕೆ ಸ್ವತಂತ್ರ ಸ್ಕಾಟ್ಲೆಂಡಲ್ಲಿ ಕಟ್ಟಿಸಲ್ಲ ಅಂತ ಆಗ ಹೆದರಿಸಿದ್ರು, ಗ್ಲಾಸ್ಗೋದ ಗೋವನ್, ಸ್ಕಾಟ್ಸ್‌ಟನ್ ಹಡಗು ಕಟ್ಟೋ ಯಾರ್ಡುಗಳ ಕೆಲಸಗಾರರ ಮನೆಮನೆಯಲ್ಲಿ ಅದೇ ಚರ್ಚೆ. ಈಗ ಅಲ್ಲಿ ಟೈಪ್ 26 ಫ್ರಿಗೇಟ್ ಕಟ್ತಿದಾರೆ, 2025ರಲ್ಲಿ ನಾರ್ವೆನೂ ಅದನ್ನೇ ಆರಿಸ್ಕೊಂಡ್ತು. ಕೈಯಲ್ಲಿ ಕಸುಬಿದ್ರೆ ಹೊರಗಿನವರೂ ಬರ್ತಾರೆ ಅನ್ನೋಕೆ ಇದು ಸಾಕ್ಷಿ. ಫಾಸ್ಲೇನ್ ಬಗ್ಗೆ ಮಾತ್ರ ಹಾಗೆ ಹೇಳಕ್ಕಾಗಲ್ಲ, ಅಲ್ಲಿ ಗಿರಾಕಿ ಒಬ್ಬನೇ.

ಕ್ಲೈಡ್ ದಂಡೆ
ನಮ್ಮ ಪಕ್ಕದ ಮನೆಯವರು ಫಾಸ್ಲೇನಲ್ಲೇ ವೆಲ್ಡರ್, ಕಿಟಕಿಯಲ್ಲಿ ಹೌದು ಅಂತ ನೀಲಿ ಸ್ಟಿಕ್ಕರ್ ಅಂಟಿಸಿದ್ರು. ಕೆಲಸ ಹೋಗಲ್ವಾ ಅಂತ ಕೇಳಿದ್ದಕ್ಕೆ, ಹೋಗಬಹುದು, ಯಾವ ವರ್ಷ ಅಂತ ಹೇಳಿಬಿಟ್ರೆ ನಾನು ತಯಾರಿ ಮಾಡ್ಕೋತೀನಿ ಅಂದಿದ್ರು. ಆ ವರ್ಷ ಯಾವುದು ಅಂತ ನಂಬೋ ಥರ ಹೇಳಿದೋರೇ ಇಲ್ಲ.

ಪ್ರಶ್ನೆ ಕೇಳೋನು
ಕೊನೇದಾಗಿ ಒಂದು. ಹಳೇ ಸಬ್‌ಮೆರೀನ್‌ಗಳು ಏನಾಗ್ತವೆ? ಅದೂ ಆಸ್ತಿನಾ, ಸಾಲನಾ?

ಹಡಗು ಹುಚ್ಚ
ಎಡಿನ್‌ಬರಾದ ಆಚೆ ದಡದಲ್ಲಿ ರೊಸೈತ್ ಅಂತಿದೆ, ಸೇವೆ ಮುಗಿಸಿದ ಏಳು ಅಣು ಸಬ್‌ಮೆರೀನುಗಳನ್ನ ಅಲ್ಲಿ ಕಟ್ಟಿಹಾಕಿದ್ರು. ಅದರಲ್ಲಿ ಡ್ರೆಡ್‌ನಾಟ್ ಅನ್ನೋದು ಸೇವೆ ಮುಗಿಸಿದ್ದು 1980ರಲ್ಲಿ, ಇಂಧನ ತೆಗೆದಿದಾರೆ, ವಿಕಿರಣದ ರಿಯಾಕ್ಟರ್ ಭಾಗ ಹಾಗೇ ಉಳೀತು. ಸ್ವಿಫ್ಟ್‌ಶೂರ್ ಅನ್ನೋ ಒಂದನ್ನ ಮೊದಲ ಪ್ರಯೋಗ ಅಂತ ಬಿಚ್ಚೋ ಕೆಲಸ ನಡೀತಿದೆ. ಆ ಏಳರ ಖರ್ಚು ಯಾರ ಪಾಲಿಗೆ ಬರುತ್ತೆ ಅಂತ 2014ರ ಆ ದೊಡ್ಡ ಟಿವಿ ಚರ್ಚೆಗಳಲ್ಲಿ ಕೇಳಿದ ನೆನಪು ನನಗಿಲ್ಲ. ಯಾರಿಗಾದ್ರೂ ಇದ್ರೆ ಹೇಳಿ, ನಾಳೆ ರಜ, ಕೂತು ಓದ್ತೀನಿ.